ನೋಟೀಸು ಸಿಗದವರು

ಮರ್ಕಂಜ
12-11-2024

ಪ್ರೀತಿಯ ತಮ್ಮ ಉದಯನಿಗೆ ಅಕ್ಕನ ಆಶೀರ್ವಾದ.

ನಾವೆಲ್ಲ ಸೌಖ್ಯ. ನೀನೂ ನಿನ್ನ ಹೆಂಡತಿ ಅಮ್ಮುವೂ ಬೆಟ್ಟಂಪಾಡಿಯ ಬಾಡಿಗೆ ಮನೆಗೆ ಹೊಂದಿಕೊಂಡಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈಬೇಡ. ನೀನು ಫೋನು ಎತ್ತುತ್ತಿ ಎಂದು ಇಷ್ಟು ದಿನ ಕಾದದ್ದು ನನ್ನ ಪೆದ್ದುತನ.

ಈ ಸುದ್ದಿ ಮೊದಲು ಹೇಳಿದ್ದು ಆಲೆಟ್ಟಿಯ ನಿನ್ನ ಹಳೆಯ ನೆರೆಯವ ತ್ಯಾಂಪಣ್ಣ, ಮೊನ್ನೆ ಭಾನುವಾರ, ಇಲ್ಲಿಯ ಒಂದು ಮದುವೆಯಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕುತ್ತಾ. ನಮ್ಮ ಮನೆಯನ್ನು ಬ್ಯಾಂಕಿನ ಏಲಂನಲ್ಲಿ ಹಿಡಿದ ಲತೀಶ್ ಬಹಳ ಜಾಗ್ರತೆಯ ಮನುಷ್ಯನಂತೆ. ಬ್ಯಾಂಕಿನ ಅಡವು ಏಲಂನೊಂದಿಗೆ ಮುಗಿಯಿತು. ನೀನು ಮಾಡಿದ ಸೊಸೈಟಿ ಸಾಲವೂ ಏಲಂನಲ್ಲಿ ಮಿಕ್ಕಿದ ಹಣದಿಂದ ತೀರಿತು. ಕರೆಂಟು ಬಾಕಿ, ಪಂಚಾಯತ್ ತೆರಿಗೆ ಮಾತ್ರ ಮನೆಗೆ ಅಂಟಿಕೊಂಡು ಬಂದವು, ಅವನೇ ಕಟ್ಟಿದ. "ಇನ್ನು ಈ ಮನೆಯ ಮೇಲೆ ಯಾರದ್ದೂ ಎಂತದೂ ಇಲ್ಲ" ಎಂದು ಕಾಲು ಚಾಚಿ ಕೂತನಂತೆ.

"ಉಂಟು ಮಾರಾಯ," ಎಂದ ತ್ಯಾಂಪಣ್ಣ. "ದೀಪಾವಳಿ ಕಳೆದ ಮೇಲೆ ಇಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುದು ಉಂಟಲ್ಲ, ಈ ವರ್ಷ ಯಾರು ಬಡಿಸುದು?"

"ನಮ್ಮ ಹಿರಿಯರಿಗೆ ಅಣ್ಣನ ಮನೆಯಲ್ಲಿ ಬಡಿಸುತ್ತೇವೆ."

"ನಿಮ್ಮವರು ಅಲ್ಲಿ. ಇಲ್ಲಿಯವರು ಎಲ್ಲಿಗೆ ಹೋಗುದು? ಅವರಿಗೆ ಬ್ಯಾಂಕಿನವರು ನೋಟೀಸು ಕೊಟ್ಟಿದ್ದಾರಾ?"

ಲತೀಶ್ ಬ್ಯಾಂಕಿಗೇ ಹೋಗಿ ಕೇಳಿದನಂತೆ. ಅಲ್ಲಿಯ ಆಫೀಸರು, "ಇದ್ದದ್ದು ಇದ್ದ ಹಾಗೆ ಎಂದು ಏಲಂ ಪ್ರಕಟಣೆಯಲ್ಲೇ ಬರೆದಿದ್ದೆವಲ್ಲ ಮಾರಾಯ್ರೆ" ಎಂದರಂತೆ. ತಿರುಗಿ ಬಂದವನು ತ್ಯಾಂಪಣ್ಣನ ಹತ್ತಿರ ಕೇಳಿದ್ದು ಇಷ್ಟೇ: "ಅವರಿಗೆ ಊರ ಕೋಳಿಯೇ ಆಗಬೇಕಾ?"

"ಕೋಳಿ ಯಾವುದೂ ಆದೀತು. ಹೆಸರು ಹಿಡಿದು ಕರೆಯಲಿಕ್ಕೆ ಉದಯನೇ ಆಗಬೇಕು."

ಕೇಳಿ ನಗಾಡಿದ ನಾವೆಲ್ಲ ಮರುದಿನ ಬೆಳಿಗ್ಗೆ ಅಹ್ಮದ್ ಕುಂಞಿಯ ಜೀಪು ಹತ್ತಿ ಆಲೆಟ್ಟಿಗೆ ಹೋದೆವು. ನಿನ್ನ ಭಾವನ ಮಡಿಲಲ್ಲಿ ಒಂದು ಹುಂಜ, ದಾರಿಯುದ್ದಕ್ಕೂ ಕೂಗು. ಲತೀಶನ ಹೆಂಡತಿ ಸುಪ್ರಿತಾ ಕಾಲು ತೊಳೆಯಲು ನೀರು ಕೊಟ್ಟು ಒಳಗೆ ಕರೆದಳು. ಬರುವ ಭಾನುವಾರ ಬಡಿಸುವುದೆಂದು ನಿಶ್ಚಯವಾಯಿತು. ಹುಂಜವನ್ನು ಅಲ್ಲೇ ಬಿಟ್ಟು ಬಂದಿದ್ದೇವೆ. ನೀನು ಬಾರದಿದ್ದರೆ ಅದೊಂದಕ್ಕೇ ಲಾಭ.

ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ
ದುಗ್ಗಮ್ಮ

ಮರೆತಿದ್ದೆ: ಹೊರಡುವಾಗ ಸುಪ್ರಿತಾ ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕಾ, ಎಲ್ಲರೂ ದೊಡ್ಡವರೇನಾ? ಚಿಕ್ಕವರು ಯಾರಾದರೂ ಉಂಟಾ?" ಎಂದು ಕೇಳಿದಳು. ಜ್ವರದಲ್ಲಿ ಹೋದ ನಿನ್ನ ಯಶಸ್ವಿಯ ಹೆಸರು ಹೇಳಿದೆ. ಕೋಳಿ ಮುಟ್ಟುತ್ತಿರಲಿಲ್ಲ, ಹಲಸಿನ ಹಪ್ಪಳ ಎಂದರೆ ಜೀವ ಎಂದೆ. ಹಪ್ಪಳ ಕರಿದು ಪುಟ್ಟ ಎಲೆಯೊಂದು ಬೇರೆ ಇಡುತ್ತಾಳಂತೆ. ಮನೆ ಹೋದದ್ದಕ್ಕಲ್ಲ, ಮಗಳನ್ನು ಅಲ್ಲಿ ಬಿಟ್ಟು ಬಂದೆ ಎಂದು ನೀನು ಆ ದಾರಿ ತುಳಿಯುತ್ತಿಲ್ಲ, ನನಗೆ ಗೊತ್ತು. ಬಾ ಉದಯ. ಅವಳು ಅಪ್ಪ ಕರೆದರೆ ಮಾತ್ರ ಊಟಕ್ಕೆ ಏಳುತ್ತಿದ್ದಳು.