ಕೊನೆಯಿಲ್ಲದ ಕಾಲುವೆ

ಕುಷ್ಟಗಿ ಒಳಊರು
ಉರಿಗಾಲದ ತೊಂಬತ್ತೊಂದನೆಯ ದಿನ, ೨೨೪೭

‘ಕಾಲುವೆ’ ಆಟವನ್ನು ಮಾಡಿದವರಿಗೆ,

ನಿಮ್ಮ ಹೆಸರು ನನಗೆ ತಿಳಿಯದು. ಆಟದ ಮೊದಲ ಪುಟದಲ್ಲಿ ಅದು ಅಳಿಸಿಹೋಗಿದೆ, ವರ್ಷ ಮಾತ್ರ ಉಳಿದಿದೆ. ನೀವು ನನಗಿಂತ ಇನ್ನೂರಿಪ್ಪತ್ತು ವರ್ಷ ಹಿಂದಿನವರೆಂದು ಅದರಿಂದಲೇ ತಿಳಿದುಕೊಂಡೆ. ಮೇಲಿನ ತಾರೀಖು ನಿಮಗೆ ತಮಾಷೆಯಾಗಿ ಕಂಡರೆ, ನನ್ನ ಮಾತುಗಳು ವಿಚಿತ್ರವಾಗಿ ಕೇಳಿಸಿದರೆ, ಕ್ಷಮಿಸಬೇಕು. ಉರಿಗಾಲವೆಂದರೆ ಹಗಲು ಯಾರೂ ನೆಲದ ಮೇಲೆ ನಿಲ್ಲಲಾಗದ ನಾಲ್ಕು ತಿಂಗಳು. ಒಳಊರೆಂದರೆ ನಿಮ್ಮ ಕಾಲದವರು ಗ್ರಾನೈಟ್ ತೆಗೆದು ಬಿಟ್ಟುಹೋದ ಕ್ವಾರಿಗಳ ಗೋಡೆ ಕೊರೆದು ನಾವು ಮಾಡಿಕೊಂಡ ಮನೆಗಳು. ಇವಕ್ಕೆ ಕಿಟಕಿಗಳಿಲ್ಲ. ಹೊತ್ತು ಮುಳುಗಿದ ಮೇಲೆ ತಂಪುಗಂಟೆ ಬಾರಿಸುತ್ತಾರೆ. ಆಗ ಬಾಗಿಲು ತೆರೆದು ಎಲ್ಲರೂ ಮೇಲೆ ಹೋಗುತ್ತೇವೆ, ಬಟ್ಟೆ ಒಣಹಾಕುತ್ತೇವೆ, ಸಜ್ಜೆಯ ಹೊಲ ನೋಡುತ್ತೇವೆ, ಹಗಲೆಲ್ಲ ನುಂಗಿಕೊಂಡ ಜಗಳಗಳನ್ನು ಗಾಳಿಯಲ್ಲಿ ನಿಂತು ಆಡಿ ಮುಗಿಸುತ್ತೇವೆ. ಉಳಿದ ಹೊತ್ತೆಲ್ಲ ಕಲ್ಲಿನ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವುದು. ನಿಮ್ಮ ಆಟ ನಮ್ಮ ಮನೆಯನ್ನು ಹೊಕ್ಕದ್ದು ಇಂಥ ಹೊತ್ತಿನಲ್ಲಿ.

ನಾನು ಹುಲಿಗೆಮ್ಮ, ಇಲ್ಲಿಯ ಬೀಜದಮನೆಯನ್ನು ನೋಡಿಕೊಳ್ಳುವವಳು. ಹದಿನೆಂಟನೆಯ ವಯಸ್ಸಿನಲ್ಲಿ ಅಂಗೈಯಂತ್ರವೊಂದು ನನಗೆ ಸಿಕ್ಕಿತ್ತು, ಅದರೊಳಗೆ ಕಾಲುವೆ ಇತ್ತು. ಮೇಲೊಂದು ಕೆರೆ, ಕೆಳಗೊಂದು ಹೊಲ, ನಡುವೆ ಚೆಲ್ಲಾಡಿದ ಕಾಲುವೆಯ ತುಂಡುಗಳು. ಕೆರೆ ತುಂಬಿ ಕೋಡಿ ಬೀಳುವುದರೊಳಗೆ ಬೆರಳಿನಿಂದ ತುಂಡುಗಳನ್ನು ತಿರುಗಿಸಿ ನೀರು ಹಾಯಿಸಬೇಕು. ಒಂದು ಹೊಲ ನೆನೆದರೆ ಮುಂದೆ ಎರಡು, ಆಮೇಲೆ ಮೂರು. ಬೀಜದ ವಿದ್ಯೆ ಕಲಿಯಬೇಕಾಗಿದ್ದ ಎರಡು ವರ್ಷ ನಾನು ಆ ಇಲ್ಲದ ಹೊಲಗಳಿಗೆ ನೀರುಣಿಸಿದೆ. ಕೊನೆಗೆ ನನ್ನ ಅವ್ವ ಯಂತ್ರವನ್ನು ಕಿತ್ತುಕೊಂಡು, ಒಡೆದು ಹಾಕಿದೆನೆಂದಳು. ಒಡೆದಿರಲಿಲ್ಲ. ಅವಳು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ, ಹೋದ ಉರಿಗಾಲದ ಮೊದಲ ವಾರ, ಹಳೆಯ ಹುರುಳಿಯ ಗಡಿಗೆ ತೊಳೆಯಲೆಂದು ಬರಿದು ಮಾಡುವಾಗ ಅದು ಕೈಗೆ ಬಂತು. ಬೆಳಕಿನ ಪಟ್ಟಿಯ ಕೆಳಗಿಟ್ಟೆ. ಅರ್ಧ ದಿನದಲ್ಲಿ ಜೀವ ಬಂತು.

ಆಗ ನನ್ನ ಗಂಡ ಗವಿಸಿದ್ದ ಮನೆಯಲ್ಲಿ ಮಲಗಿದ್ದ. ಮೂವತ್ತು ವರ್ಷ ಗಾಳಿಕಂಬಗಳನ್ನು ಹತ್ತಿ ರಿಪೇರಿ ಮಾಡಿದವನು. ಅವನ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಜೀವಕ್ಕಿಂತ ಮೊದಲು ಮಾತು ಹೋಗುತ್ತದೆಂದು ವೈದ್ಯೆ ನಮ್ಮಿಬ್ಬರಿಗೂ ಹೇಳಿದ್ದಳು. ಅವನಿಗೆ ಬೇಸರ ಕಳೆಯಲಿ ಎಂದು ಯಂತ್ರ ತಂದೆ. ಈ ಒಂದು ಮಾತನ್ನು ದಯವಿಟ್ಟು ನಂಬಿ. ಮೊದಲ ದಿನಗಳಲ್ಲಿ ಅದು ನಿಜವೂ ಆಗಿತ್ತು. ಅವನು, ನಾನು, ಹದಿನೇಳರ ಮಗಳು ಕಳಕವ್ವ, ಮೂವರೂ ಒಂದೇ ಕೌದಿಯ ಮೇಲೆ ಕೂತು ಆಡಿದೆವು. ಅವನ ದಪ್ಪ ಬೆರಳಿಗೆ ತುಂಡುಗಳು ಸಿಗುತ್ತಿರಲಿಲ್ಲ. “ಎಂಥಾ ಹುಚ್ಚ ಆಟಲೇ ಇದು! ನೀರು ನನ್ನ ಮಾತ ಕೇಳವಲ್ದು!” ಎಂದು ಬೈಯುತ್ತಿದ್ದ. ಮಗಳನ್ನು ನಗಿಸಲು ಬೇಕೆಂದೇ ಕೆರೆಯನ್ನು ಕೋಡಿ ಬೀಳಿಸುತ್ತಿದ್ದ. ಹಾಗೆ ನಾವು ನಕ್ಕು ವರ್ಷಗಳಾಗಿದ್ದವು.

ಹತ್ತು ದಿನ ಕಳೆಯುವಷ್ಟರಲ್ಲಿ ಯಂತ್ರ ನನ್ನ ಕೈಯಲ್ಲೇ ಉಳಿಯತೊಡಗಿತು. ಅವನ ಸರದಿ ಬಂದಾಗ ಹೇಗೆ ತಿರುಗಿಸಬೇಕೆಂದು ತೋರಿಸುವ ನೆಪದಲ್ಲಿ ನಾನೇ ಆಡುತ್ತಿದ್ದೆ. “ಹುಲಿಗಿ, ನನ್ನ ಪಾಳಿ ಯಾವಾಗ?” ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದನ್ನೂ ಬಿಟ್ಟ. ಗಂಜಿ ತಳ ಹಿಡಿಯುತ್ತಿತ್ತು. ಅವನನ್ನು ಮಗ್ಗುಲು ಹೊರಳಿಸುವ ಕೆಲಸ ತಾನಾಗಿ ಮಗಳ ಪಾಲಿಗೆ ಹೋಯಿತು. ನಾನು ಪಕ್ಕದಲ್ಲೇ ಇದ್ದೇನಲ್ಲ ಎಂದುಕೊಂಡೆ. ರೋಗಿಯ ಪಕ್ಕದಲ್ಲಿ ಕೂತವಳನ್ನು ಯಾರು ತಾನೇ ದೂರುತ್ತಾರೆ?

ಅದೇ ಹೋದ ಉರಿಗಾಲದ ನಲವತ್ತನೆಯ ದಿನದ ಮಧ್ಯಾಹ್ನ ಅವನು ಮಾತಾಡಿದ. ಮಾತಾಡಿದನೆಂದು ಗೊತ್ತು, ಅಷ್ಟೇ. ನಾನು ಒಂಬತ್ತು ಹೊಲಗಳ ಪುಟದಲ್ಲಿದ್ದೆ. ಅವನ ದನಿ ಕಿವಿಗೆ ಬೀಳುತ್ತಿತ್ತು, ನಾನು ಹೂಂಗುಟ್ಟುತ್ತಿದ್ದೆ. ಒಂದು ಸಲ ಅವನ ಕೈ ನನ್ನ ಮೊಣಕಾಲ ಮೇಲೆ ಬಂದು ಕೂತಿತು. ಒಂದೇ ನಿಮಿಷ ತಾಳು ಎಂದೆ. ತಂಪುಗಂಟೆ ಬಾರಿಸಿದಾಗ ತಲೆಯೆತ್ತಿದೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ್ದ.

ಮರುದಿನ ಬೆಳಿಗ್ಗೆ ಅವನ ಬಾಯಿಂದ ಗಾಳಿ ಮಾತ್ರ ಬಂತು.

ಮಗಳನ್ನು ಕೇಳಿದೆ, ನಿನ್ನೆ ಅಪ್ಪ ಏನು ಹೇಳಿದ ಎಂದು. ಅವಳು ಹೇಳಿದಳು: “ನನಗೇನ್ ಗೊತ್ತವ್ವಾ. ಅಪ್ಪ ನಿನಗ ಏನೋ ಹೇಳಾಕತ್ತಿದ್ದ, ನೀ ಹೂಂ ಹೂಂ ಅಂತಿದ್ದಿ. ಇಬ್ಬರೂ ಮಾತಾಡಿಕೊಳ್ಳಲಿ ಅಂತ ನಾನೇ ಬಾಗಲಾ ಮುಂದ ಮಾಡಿ ಬಾಜೂ ಕೋಣ್ಯಾಗ ಹೋದೆ.”

ಗವಿಸಿದ್ದ ಇನ್ನೂ ಎರಡು ತಿಂಗಳು ಬದುಕಿದ. ಹಲಗೆ ಬಳಪ ಕೈಗಿತ್ತು, ಅವತ್ತು ಹೇಳಿದ್ದನ್ನು ಬರೆದುಕೊಡು ಎಂದು ಬೇಡಿಕೊಂಡೆ. ಸ್ವಲ್ಪ ಯೋಚಿಸಿ, “ಏನಿಲ್ಲ ಬಿಡು. ಅಂಬಲಿ ಕೊಡು,” ಎಂದು ಬರೆದ. ಎಷ್ಟು ಸಲ ಕೇಳಿದರೂ ಅಷ್ಟೇ. ಸಿಟ್ಟಿನಿಂದಲ್ಲ. ನನ್ನ ಕೆನ್ನೆ ತಟ್ಟಿ ನಗುತ್ತಿದ್ದ. ಸಿಟ್ಟಾಗಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಇನ್ನೊಂದನ್ನು ಬರೆಯದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಅವನನ್ನು ಮಣ್ಣು ಮಾಡಿ ಹದಿಮೂರನೆಯ ದಿನ ನಾನು ಮತ್ತೆ ಆಡಿದೆ. ಹನ್ನೊಂದು ಹೊಲ ನೆನೆಸಿದೆ. ಕಳಕವ್ವ ಯಂತ್ರವನ್ನು ಕಿತ್ತುಕೊಳ್ಳಲಿಲ್ಲ. ಬಂದು ಎದುರಿಗೆ ಕೂತು, “ನಾನೂ ಹೇಳೂದೈತಿ. ನಿಂದು ಮುಗದ ಮ್ಯಾಲ ಹೇಳ್ತೀನಿ,” ಎಂದಳು. ಹನ್ನೆರಡನೆಯ ಪುಟ ತೆರೆದಿತ್ತು. ಅದು ಮುಗಿಯುವ ಆಟವಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಕೆರೆ ಕೋಡಿ ಬೀಳುತ್ತಿದ್ದಾಗಲೇ ಯಂತ್ರವನ್ನು ಬೋರಲು ಹಾಕಿದೆ. ಬೀಜದ ಕೆಲಸ ಕಲಿಯುವ ಮನಸ್ಸಿದೆ ಎಂದಷ್ಟೇ ಅವಳು ಹೇಳಬೇಕಾಗಿದ್ದದ್ದು. ಎರಡೇ ಮಾತು. ಕೇಳಿಸಿಕೊಂಡು ನಾನು ಅತ್ತ ರೀತಿಗೆ ಅವಳು ಹೆದರಿಬಿಟ್ಟಳು.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನನ್ನ ಗಂಡ ಕಡೆಯ ಸಲ ಗಟ್ಟಿಯಾಗಿ ನಕ್ಕದ್ದೂ ನಿಮ್ಮ ಆಟದಿಂದಲೇ. ಆದರೆ ಈ ಕಾಗದ ಹೇಗಾದರೂ ನಿಮ್ಮ ಕಾಲವನ್ನು ಮುಟ್ಟಿದರೆ, ನೀವಿನ್ನೂ ಅದನ್ನು ಕಟ್ಟುತ್ತ ಕೂತಿದ್ದರೆ, ನನ್ನದೊಂದು ಬೇಡಿಕೆ. ಅದಕ್ಕೊಂದು ಕೊನೆಯ ಪುಟ ಇಡಿ. ಎಲ್ಲ ಹೊಲಗಳಿಗೂ ನೀರು ಮುಟ್ಟಿ, ಮುಂದೆ ಏನೂ ಬಾರದಂಥ ಪುಟ. ಆಗ ಆಡುವವರು ತಲೆಯೆತ್ತುತ್ತಾರೆ. ಪಕ್ಕದಲ್ಲಿ ಯಾರಾದರೂ ಇನ್ನೂ ಮಾತಾಡುತ್ತಿರಬಹುದು.

ಹುಲಿಗೆಮ್ಮ