ನಾನು ಮುಚ್ಚಿಟ್ಟ ಚಾವಣಿಗಳು

ಬುಧವಾರ, ಮಧ್ಯಾಹ್ನ

ರೀ,

ಹರಿದು ಹಾಕುವ ಮೊದಲು ಒಮ್ಮೆ ಓದಿಬಿಡಿ. ಇದನ್ನು ಬರೆಯಲು ಐದು ಸಲ ಕೂತು ನಾಲ್ಕು ಸಲ ಎದ್ದಿದ್ದೇನೆ. ಹೊರಗೆ ಬಿಸಿಲು ಸುರಿಯುತ್ತಿದೆ. ಒಂದು ತುಂಡು ಮೋಡವಾದರೂ ಬರಬಾರದೇ ಎಂದು ಕಿಟಕಿಗೆ ಹೋಗಿ ಹೋಗಿ ನೋಡುತ್ತೇನೆ. ಮನೆಮನೆಗೆ ಸೋಲಾರ್ ಹಾಕುವವಳ ಬಾಯಲ್ಲಿ ಇಂಥ ಮಾತು!

ನಿಮ್ಮ ವಿದ್ಯುತ್ ಸ್ಥಾವರದ ಸಹೋದ್ಯೋಗಿ ಫೋನ್ ಮಾಡಿದ್ದರು. ಭಾನುವಾರ ಮಧ್ಯಾಹ್ನ ಊರೆಲ್ಲ ತನ್ನ ಚಾವಣಿಯ ಕರೆಂಟನ್ನೇ ಬಳಸಿಕೊಂಡಿತಂತೆ. ಕೊಳ್ಳುವವರಿಲ್ಲದೆ ಸಗಟು ಮಾರುಕಟ್ಟೆಯ ದರ ಸೊನ್ನೆಗಿಂತ ಕೆಳಗಿಳಿಯಿತಂತೆ. ಊರಿಗೆ ಎಷ್ಟು ಕರೆಂಟು ಬೇಕಾದೀತು ಎಂಬ ನಿಮ್ಮ ಅಂದಾಜು ನಂಬಿ ಪೂರ್ತಿ ಉರಿಯುತ್ತಿದ್ದ ಸ್ಥಾವರ, ಕೈಯಿಂದ ದುಡ್ಡು ಕೊಟ್ಟು ಕರೆಂಟು ಸಾಗಹಾಕಬೇಕಾಯಿತಂತೆ. ಶುಕ್ರವಾರದೊಳಗೆ ಸರಿಯಾದ ವಿವರಣೆ ಕೊಡದಿದ್ದರೆ ನಿಮ್ಮ ಕೆಲಸ ಹೋಗುತ್ತದೆ ಎಂದರು. ಸೋಲಾರ್ ಚಾವಣಿಗಳ ಲೆಕ್ಕ ಕೊಟ್ಟವರು ಯಾರು ಎಂದು ಮೇಲಧಿಕಾರಿ ಎಷ್ಟು ಕೇಳಿದರೂ ನೀವು ಬಾಯಿ ಬಿಡಲಿಲ್ಲವಂತೆ.

ಕೊಟ್ಟವಳು ನಾನು. ಅವತ್ತು ಊಟ ಮಾಡುತ್ತಾ, ಈ ವರ್ಷ ನಮ್ಮ ಸೋಲಾರ್ ತಂಡ ಎಷ್ಟು ಮನೆ ಮುಗಿಸಿತು ಎಂದು ಕೇಳಿದಿರಿ. ತಟ್ಟೆ ನೋಡುತ್ತಾ, ನಲವತ್ತಿರಬಹುದು ಎಂದೆ. ನೀವು ಅದನ್ನೇ ಊರಿನ ಎಲ್ಲ ತಂಡಗಳಿಗೂ ಗುಣಿಸಿಕೊಂಡಿರಿ. ನಿಜವಾದ ಲೆಕ್ಕ ಇನ್ನೂರ ಹನ್ನೆರಡು.

ಹೋದ ವರ್ಷ ಬಿದ್ದು ಕಾಲು ಮುರಿದುಕೊಂಡಾಗ, ಇನ್ನು ಏಣಿ ಹತ್ತುವುದಿಲ್ಲ, ಆಫೀಸಿನಲ್ಲೇ ಕೂರುತ್ತೇನೆ ಎಂದು ನಿಮಗೆ ಮಾತು ಕೊಟ್ಟಿದ್ದೆನಲ್ಲ. ಕೂತಿದ್ದು ಒಂದೇ ವಾರ. ನಾನಿಲ್ಲದ ತಂಡಕ್ಕೆ ನಲವತ್ತೇ ಹೆಚ್ಚು ಎಂದು ನಿಮಗೆ ಗೊತ್ತು. ಇನ್ನೂರು ಎಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಭಾನುವಾರ ಸಂಜೆ ನಿಮಗೆ ನನ್ನ ಸುಳ್ಳು ಹೊಳೆದಿರಬೇಕು, ಬ್ಯಾಗು ಹಿಡಿದು ನಿಮ್ಮ ಅಕ್ಕನ ಮನೆಗೆ ಹೊರಟಿರಿ. ನಾಲ್ಕು ಬೈದಿದ್ದರೂ ನೆಮ್ಮದಿಯಾಗಿರುತ್ತಿತ್ತು.

ನನ್ನ ಕೆಲಸದ ಪುಸ್ತಕ ಜೊತೆಗಿಟ್ಟಿದ್ದೇನೆ. ಒಂದೊಂದು ಮನೆಗೂ ತಾರೀಖು ಇದೆ, ನನ್ನ ಸಹಿ ಇದೆ. ಮೇಲಧಿಕಾರಿಯ ಮುಂದಿಡಿ, ಹೆಂಡತಿ ಸುಳ್ಳು ಹೇಳಿದಳು ಎಂದೇ ಬರೆಯಿರಿ. ನನ್ನ ಮರ್ಯಾದೆ ಹೋದರೆ ಹೋಗಲಿ, ನಿಮ್ಮ ಕೆಲಸ ಉಳಿಯಲಿ. ಆದರೆ ಹತ್ತುವುದನ್ನು ಬಿಡುತ್ತೇನೆ ಎಂದು ಮಾತ್ರ ಇನ್ನೊಮ್ಮೆ ಹೇಳಲಾರೆ. ನನಗೆ ಭಯವಾಗುತ್ತಿದೆ, ಬೇಗ ಬನ್ನಿ.

ನೀವು ಕೋತಿ ಎಂದು ಕರೆಯುವ
ನಿಮ್ಮವಳು

ಮರೆತ ಮಾತು: ಪುಸ್ತಕದ ಕೊನೆಯ ಪುಟದಲ್ಲಿ ನಾಳೆಯ ಮನೆ ಇದೆ, ಇನ್ನೂರ ಹದಿಮೂರನೆಯದು. ಅದು ನಿಮ್ಮ ಅಕ್ಕನದೇ. ನಿಮಗೆ ಹೇಳಬೇಡ ಎಂದು ತಿಂಗಳ ಹಿಂದೆಯೇ ಆಣೆ ಮಾಡಿಸಿಕೊಂಡಿದ್ದರು. ಹತ್ತು ಗಂಟೆಗೆ ಬರುತ್ತೇನೆ. ಏಣಿ ಹಿಡಿಯುವವನು ನಾಳೆ ರಜೆ.