ಟಿ.ಸಿ. ವಾಪಸ್ ತಗೊಳ್ರಿ

ಹೆಡ್ ಅಕ್ಕೋರಾದ ಅನ್ನಪೂರ್ಣಾ ಅವರಿಗೆ ಶೆಟ್ಟೆಪ್ಪನ ಶರಣು.

ಹುಕ್ಕೇರಿ ತಾಲೂಕಿನಲ್ಲಿ ನನ್ನಂಥ ಕುರಿಗಾರ ಇನ್ನೊಬ್ಬನಿಲ್ಲ. ನಲವತ್ತು ವರ್ಷದಲ್ಲಿ ನನ್ನ ಹಿಂಡಿನಿಂದ ಒಂದು ಮರಿಯೂ ಕಳೆದಿಲ್ಲ.

ನನ್ನ ತಂಗಿಯ ಮಗಳು ಭಾಗ್ಯಶ್ರೀಯನ್ನು ಸಾಲಿ ಬಿಡಿಸಲು ನೀವು ಕೊಟ್ಟ ಟಿ.ಸಿ.ಯನ್ನು ಇದರೊಳಗೇ ವಾಪಸ್ ಇಟ್ಟಿದ್ದೇನೆ. ಅವಳು ನಿಮ್ಮ ಕೈ ಕಚ್ಚಿದ್ದು ತಪ್ಪು, ಖರೆ. ಆದರೆ ಅವ್ವ ಸತ್ತಾಗಿನಿಂದ ಜೋರು ದನಿಗೆ ಬೆದರುವ ಹುಡುಗಿ, ಬೆಂಚಿನ ಕೆಳಗೆ ಅಡಗಿದಾಗ ಛಡಿ ಹಿಡಿದು ಎಳೆದವರು ಯಾರ್ರಿ?

ಬೆದರಿದ ಮರಿಯ ಬೆನ್ನು ಹತ್ತಬಾರದು. ಬೆನ್ನು ತಿರುಗಿಸಿ ಸುಮ್ಮನೆ ಕೂತರೆ ತಾನೇ ಬಾಜೂಕ ಬರುತ್ತದೆ. ಸೋಮವಾರದಿಂದ ನಾನೇ ಅವಳ ಬೆಂಚಿನ ಮುಂದೆ ಹಾಗೆ ಕೂಡುತ್ತೇನೆ. ನೀವು “ಏಳ್ರಿ ಕಾಕಾ” ಅಂದರೂ ಏಳುವುದಿಲ್ಲ. ಚಹಾ ಕಳಿಸಿದರೆ ಬೇಡ ಅನ್ನುವುದಿಲ್ಲ.

“ನಿಮಗೇನು ಗೊತ್ತೈತ್ರಿ?” ಅಂತ ಕೇಳುತ್ತೀರಿ. ಒಂದು ಮರಿಯೂ ಕಳೆದಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಒಮ್ಮೆ ಬೆದರಿದ ಹಿಂಡನ್ನು ಬಡಿಗೆ ಹಿಡಿದು ಅಟ್ಟಿಸಿಕೊಂಡು ಹೋಗಿದ್ದೆ. ಎರಡು ಕಳೆದವು ಅಂತ ಊರಿಗೆಲ್ಲ ಹೇಳಿದೆ. ಕಳೆದದ್ದು ಹದಿನೇಳು.

ಹುಡುಗಿಯ ಸೋದರಮಾವ,
ಶೆಟ್ಟೆಪ್ಪ